ಫ್ಯಾನು ಇಳಿಸಿದ ಬೇಸಿಗೆ

ಮಕ್ಕಳೇ, ಆ ಬೇಸಿಗೆ ರಜೆಯಲ್ಲಿ ನೀವಿಬ್ಬರೂ ವಿಶಾಖಪಟ್ಟಣದಲ್ಲಿ ಅಪ್ಪನ ಜೊತೆ ಇದ್ದಾಗ, ವಿಜಯವಾಡದ ಮನೆಯ ಫ್ಯಾನು ಸುಟ್ಟುಹೋಗಿದೆ ಎಂದು ನಿಮ್ಮ ಅಮ್ಮ ಫೋನಿನಲ್ಲಿ ಹೇಳಿದ್ದಳು. ಅವಳೂ ಹಾಗೆಯೇ ನಂಬಿದ್ದಳು. ಫ್ಯಾನು ಸುಟ್ಟಿರಲಿಲ್ಲ. ಗರಗರ ಓಡುತ್ತಿದ್ದ ಫ್ಯಾನನ್ನು ನನ್ನ ತಲೆಯ ಮೇಲಿಂದ ಬಿಚ್ಚಿ, ಕೆಳಗಿನ ಮನೆಯವರ ಮಂಚದ ಅಡಿಗೆ ಹಾಕಿದ್ದರು. ಯಾಕೆ ಎಂದು ನಿಮಗೆ ಎದುರಿಗೆ ಕೂತು ಹೇಳಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದುವುದು ನಿಧಾನ, ನನಗೆ ಬರೆಯುವುದು ನಿಧಾನ. ಸರಿಹೋಯಿತು.

ಮೊದಲು ನನ್ನ ಕಾಲಿನ ವಿಚಾರ ಹೇಳಬೇಕು. ನನಗೆ ಅಂಗಾಲುರಿ. ಸಕ್ಕರೆ ಕಾಯಿಲೆ ಹಳೆಯದಾಗಿ ಕಾಲಿನ ನರಗಳು ಸೋತಿವೆ ಎಂದು ಡಾಕ್ಟರು ಹೇಳಿದ್ದರು. ಸೋತ ಮೇಲೆ ಸುಮ್ಮನೆ ಬಿದ್ದಿರಬೇಕು ತಾನೆ? ನನ್ನ ನರಗಳು ಹಾಗಲ್ಲ. ಕೆಂಡದ ಮೇಲೆ ಬೂದಿ ಕೂತಿರುತ್ತದಲ್ಲ, ಹಾಗೆ. ಹೊರಗಿನಿಂದ ನೋಡಿದರೆ ಊತವಿಲ್ಲ, ಗಾಯವಿಲ್ಲ, ಕೆಂಪಿಲ್ಲ, ಒಳಗೆ ಕೆಂಡ. ಚಳಿಗಾಲದಲ್ಲಿ ಮರೆತಂತೆ ಇರುತ್ತದೆ. ಬೇಸಿಗೆ ಬಂತೆಂದರೆ ಯಾರೋ ಊದುಗೊಳವೆ ಹಿಡಿದು ಕೂತು ಊದಿದ ಹಾಗೆ. ಅದಕ್ಕೊಂದು ಮಾತ್ರೆಯಿದೆ. ನುಂಗಿದರೆ ನನಗೆ ನಿದ್ದೆ ಬರುತ್ತದೆ, ಕಾಲಿಗೆ ಬರುವುದಿಲ್ಲ.

ಇದನ್ನು ನಾನು ಯಾರ ಹತ್ತಿರವೂ ಪೂರ್ತಿ ಹೇಳಿಕೊಂಡವಳಲ್ಲ. ಬೆನ್ನುನೋವಾದರೆ ಬೆನ್ನು ಹಿಡಿದುಕೊಂಡು ನಡೆಯಬಹುದು, ತಲೆನೋವಾದರೆ ಪಟ್ಟಿ ಕಟ್ಟಿಕೊಳ್ಳಬಹುದು, ನಾಲ್ಕು ಜನ ನೋಡಿ ಅಯ್ಯೋ ಅನ್ನುತ್ತಾರೆ. ಅಂಗಾಲನ್ನು ಯಾರಿಗೆ ತೋರಿಸುವುದು? ಹಿರಿಯರ ಕಡೆ ಕಾಲು ನೀಡಬಾರದು, ಪುಸ್ತಕದ ಕಡೆ ನೀಡಬಾರದು, ಒಲೆಯ ಕಡೆ, ದೇವರ ಕಡೆ ನೀಡಬಾರದು ಎಂದು ನಮ್ಮ ಅವ್ವ ಬೆಳೆಸಿದ್ದಳು. ವಿಜಯವಾಡದ ಆ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಒಂದು ಗೋಡೆಯಲ್ಲಿ ದೇವರ ಪಟ, ಇನ್ನೊಂದರಲ್ಲಿ ದೇವರ ಕ್ಯಾಲೆಂಡರು, ಮತ್ತೊಂದರಲ್ಲಿ ನಿಮ್ಮ ಶಾಲೆಯ ಪುಸ್ತಕ, ಉಳಿದದ್ದರಲ್ಲಿ ನಿಮ್ಮ ತಾತನ ಫೋಟೋ. ನನ್ನ ಅಂಗಾಲಿಗೆ ದಿಕ್ಕೇ ಇರಲಿಲ್ಲ. ಮಂಡಿ ಮಡಚಿಕೊಂಡು ಮಲಗುತ್ತಿದ್ದೆ.

ನನ್ನ ತೆಲುಗಿನ ಬಗ್ಗೆಯೂ ಹೇಳಬೇಕು, ಎಲ್ಲದಕ್ಕೂ ಮೂಲ ಅದೇ. ನಿಮ್ಮ ಅಪ್ಪನಿಗೆ ನೌಕಾಪಡೆಯಲ್ಲಿ ಕೆಲಸವಾದ್ದರಿಂದ ನಾವೆಲ್ಲ ಮೊದಲು ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿ ಇದ್ದೆವು. ಅಲ್ಲಿ ಸಮುದ್ರದ ಗಾಳಿ ಇತ್ತು, ಮೈಗೆ ಅಂಟುವ ಗಾಳಿಯಾದರೂ ಗಾಳಿ. ಸಂಜೆ ಕೆಲವು ಸಲ ಋಷಿಕೊಂಡಕ್ಕೆ ಹೋದಾಗ ನೀವು ಅಲೆಯಲ್ಲಿ ಆಡುತ್ತಿದ್ದಿರಿ, ನಾನು ಒದ್ದೆ ಮರಳಿನಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದೆ. ಅಜ್ಜಿಗೆ ಸಮುದ್ರ ಎಂದರೆ ಎಷ್ಟು ಭಕ್ತಿ ಎಂದು ನಿಮ್ಮ ಅಪ್ಪ ಹೇಳುತ್ತಿದ್ದರು. ಭಕ್ತಿ ಅಲ್ಲ, ಕಾಲು ತಣ್ಣಗಾಗುತ್ತಿತ್ತು.

ಆ ಕ್ವಾರ್ಟರ್ಸಿನ ಪಕ್ಕದ ಮನೆಯಾಕೆ ಒಂದು ಮಧ್ಯಾಹ್ನ ನನಗೆ ಹೇಳಿದರು: "ಮೀ ಅಲ್ಲುಡುಗಾರು ಎಂಡಲೋ ವಚ್ಚಾರು, ಪಾಪಂ, ಮೊಹಮಂತಾ ಎರ್ರಗಾ ಅಯಿಪೋಯಿಂದಿ." ನಿಮ್ಮ ಅಳಿಯ ಬಿಸಿಲಲ್ಲಿ ಬಂದರು ಪಾಪ, ಮುಖವೆಲ್ಲ ಕೆಂಪಾಗಿತ್ತು ಎಂದರ್ಥ. ನಮ್ಮ ಹಾಸನದ ಕಡೆಯ ಹಳ್ಳಿಯಲ್ಲಿ ಎಂಡ ಅಂದರೆ ಬಿಸಿಲಲ್ಲ, ಹೆಂಡ. ಅಳಿಯ ಎಂಡದಲ್ಲಿ ಬಂದರು, ಮುಖ ಕೆಂಪಾಗಿತ್ತು. ನನಗೆ ಇಷ್ಟೇ ಕೇಳಿಸಿದ್ದು. ನಾನು ಬಾಯಿ ಬಿಡಲಿಲ್ಲ, ಅಳಿಯಂದಿರಿಗೆ ಬಡಿಸುವಾಗ ಮುಖ ನೋಡುವುದನ್ನು ಬಿಟ್ಟೆ, ಅಷ್ಟೆ. ಆಮೇಲೆ ತರಕಾರಿಯವಳೂ "ಎಂಡ ಎಕ್ಕುವ ಅಯಿಂದಮ್ಮಾ" ಎಂದಳು, ಬಿಸಿಲು ಜಾಸ್ತಿಯಾಯಿತಮ್ಮ ಎಂದು. ಈ ಊರಲ್ಲಿ ಹೆಂಗಸರೂ ಬಿಟ್ಟಿಲ್ಲ ಎಂದುಕೊಂಡೆ. ಕೊನೆಗೆ ನಿಮ್ಮ ಅಪ್ಪನೇ ನಿಮ್ಮ ಅಮ್ಮನ ಹತ್ತಿರ, "ಅತ್ತೆಗೆ ನನ್ನ ಮೇಲೆ ಏನು ಕೋಪ?" ಎಂದು ಕೇಳಿ, ಅವಳು ನನ್ನನ್ನು ಕೇಳಿ, ವಿಷಯ ಹೊರಬಿತ್ತು. ನಿಮ್ಮ ಅಮ್ಮ ನೆಲದ ಮೇಲೆ ಕೂತು ನಕ್ಕಳು.

ನಾನು ಅದರಿಂದ ಕಲಿತದ್ದು ತಪ್ಪು ಪಾಠ. ತೊಂದರೆ ಇದ್ದದ್ದು ಹಕಾರದಲ್ಲಿ, ಉಳಿದದ್ದೆಲ್ಲ ಒಂದೇ ಎಂದುಕೊಂಡೆ. ಹಾಲು ಪಾಲು, ಹೂ ಪೂವು, ಮಜ್ಜಿಗೆ ಮಜ್ಜಿಗ. ಕನ್ನಡ ಮಾತಿಗೆ ಕೊನೆಯಲ್ಲಿ ಒಂದು ಅಂಡಿ ಸೇರಿಸಿದರೆ ಮರ್ಯಾದೆಯ ತೆಲುಗಾಗುತ್ತದೆ ಎಂದು ಧೈರ್ಯ ಮಾಡಿಕೊಂಡೆ. ಕಾವಾಲಿ, ಚಾಲು, ವದ್ದು, ಕೋಸಂ, ಹೀಗೆ ಬೇಕು, ಸಾಕು, ಬೇಡ, ಸಲುವಾಗಿ ಎನ್ನುವ ನಾಲ್ಕು ಮಾತನ್ನೂ ಕಲಿತೆ. ಅದೇ ತೆಲುಗನ್ನು ಕಟ್ಟಿಕೊಂಡು ವಿಜಯವಾಡಕ್ಕೆ ಬಂದೆ.

ನಿಮ್ಮ ಅಮ್ಮನಿಗೆ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ನಾವು ಅಲ್ಲಿ ಮನೆ ಮಾಡಿದ್ದು ನಿಮಗೆ ನೆನಪಿದೆ. ತಾರಸಿಯ ಕೆಳಗಿನ ಕೋಣೆ, ಒಂದು ಅಡುಗೆಮನೆ. ರಜೆ ಬಂದು ನೀವು ಅಪ್ಪನ ಹತ್ತಿರ ಹೋದಿರಿ. ನಿಮ್ಮ ಅಮ್ಮ ಬೆಳಿಗ್ಗೆ ಡ್ಯೂಟಿಗೆ ಹೋದರೆ ಸಂಜೆಗೆ ಬರುತ್ತಿದ್ದಳು. ನಡುವಿನ ಹೊತ್ತು ನಾನು, ನನ್ನ ಕಾಲು, ಆ ಬಿಸಿಲು.

ಆ ಊರಿನ ಬಿಸಿಲನ್ನು ಹೇಗೆ ಹೇಳಲಿ? ಬೆಳಗಿನ ಕಾಫಿ ಹೊತ್ತಿಗೇ ನಲ್ಲಿಯಲ್ಲಿ ಬಿಸಿನೀರು. ತಣ್ಣೀರು ಬೇಕಾದರೆ ಹಿಂದಿನ ದಿನವೇ ಹಿಡಿದು ಮುಚ್ಚಿಡಬೇಕು. ನೆಲದ ಟೈಲುಗಳ ಮೇಲೆ ಕಾಲಿಟ್ಟುಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಆ ಟೈಲು ಬೆಚ್ಚಗಾಗುತ್ತಿತ್ತು, ಪಕ್ಕದ್ದಕ್ಕೆ ಜರುಗುತ್ತಿದ್ದೆ. ಹೀಗೆ ಚೌಕಾಬಾರದ ಕಾಯಿಯ ಹಾಗೆ ಮನೆಯೆಲ್ಲ ಸುತ್ತಿ, ಯಾವ ಟೈಲು ಎಷ್ಟು ಹೊತ್ತಿಗೆ ತಣ್ಣಗಿರುತ್ತದೆ ಎಂದು ನನಗೆ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ತಂಪು ಅಕ್ಕಿ ಡಬ್ಬದ ಹಿಂದಿನದು. ಅಲ್ಲಿ ಕಾಲು ತೂರಿಸಿ ಕೂತರೆ ಹೊರಗಿನಿಂದ ನೋಡುವವರಿಗೆ ನಾನು ಅಕ್ಕಿ ಡಬ್ಬವನ್ನು ತಬ್ಬಿಕೊಂಡ ಹಾಗೆ ಕಾಣುತ್ತಿತ್ತು.

ಒಂದು ದಿನ ಫ್ರಿಜ್ಜಿನ ಬಾಗಿಲು ತೆಗೆದು ತರಕಾರಿ ಡಬ್ಬದ ಮೇಲೆ ಎರಡೂ ಕಾಲಿಟ್ಟುಕೊಂಡು ಕೂತಿದ್ದೆ. ಫ್ರಿಜ್ಜಿನೊಳಗೆ ದೇವರ ಪಟ ಇರುವುದಿಲ್ಲವಲ್ಲ. ನಿಮ್ಮ ಅಮ್ಮ ಅಂದು ಬೇಗ ಬಂದುಬಿಟ್ಟಳು.

"ಏನವ್ವಾ ಇದು! ಬದನೆಕಾಯಿ ಜೊತೆ ನಿನ್ನ ಕಾಲೂ ಇಟ್ಟಿದ್ದೀಯ?"

"ಬದನೆಕಾಯಿ ಏನೂ ಅನ್ನಲಿಲ್ಲ ಕಣೆ."

"ಐಸು ಗೀಸು ಇಟ್ಕೊಂಡೀಯ ಮತ್ತೆ. ನಿನ್ನ ಕಾಲಿಗೆ ಚಳಿ ಗೊತ್ತಾಗಲ್ಲ, ಚರ್ಮ ಸುಟ್ಟೋಗುತ್ತೆ. ಬಾಳ ಉರೀತಿದೆಯಾ?"

"ಇಲ್ಲ ಬಿಡು, ಸುಮ್ನೆ" ಎಂದೆ. ದಿನವಿಡೀ ಕಾಯಿಲೆಯವರ ಗೋಳು ಕೇಳಿ ಬಂದವಳಿಗೆ ಮನೆಯಲ್ಲೂ ಅದನ್ನೇ ಬಡಿಸುವುದು ನನಗೆ ಬೇಕಿರಲಿಲ್ಲ.

ಫ್ರಿಜ್ಜು ಹೋದ ಮೇಲೆ ನನಗೆ ಉಳಿದ ಒಂದೇ ದಿಕ್ಕು ಫ್ಯಾನು. ಮಧ್ಯಾಹ್ನ ಕೋಣೆಯ ಬಾಗಿಲು ಮುಚ್ಚಿ, ತಾತನ ಫೋಟೋಕ್ಕೆ ಕ್ಷಮಿಸಿ ಎಂದು ಹೇಳಿ, ಒದ್ದೆ ಬಟ್ಟೆ ಹೊದಿಸಿದ ಕಾಲನ್ನು ಫ್ಯಾನಿನ ಅಡಿಗೆ ನೀಡಿ ಮಲಗಿದರೆ ಒಂದು ಗಂಟೆಯಾದರೂ ಕಣ್ಣು ಮುಚ್ಚುತ್ತಿತ್ತು. ಇಡೀ ದಿನದಲ್ಲಿ ಉರಿ ಇಲ್ಲದ ಹೊತ್ತು ಅದೊಂದೇ. ಆ ಒಂದು ಗಂಟೆಗಾಗಿ ಉಳಿದ ಹೊತ್ತನ್ನು ತಳ್ಳುತ್ತಿದ್ದೆ.

ಬಿಸಿಲು ಇನ್ನೂ ಏರಿದಾಗ ಫ್ಯಾನಿನಿಂದಲೂ ಬಿಸಿ ಗಾಳಿ ಬರತೊಡಗಿತು. ಆಗ ನನಗೊಂದು ಉಪಾಯ ಹೊಳೆಯಿತು. ಫ್ಯಾನಿನ ಹತ್ತಿರ ಅಡ್ಡಕ್ಕೆ ಒಂದು ಹಗ್ಗ ಕಟ್ಟಿ, ಹಳೆಯ ನೂಲಿನ ಸೀರೆಯನ್ನು ನೀರಲ್ಲಿ ಅದ್ದಿ ಇಳಿಬಿಟ್ಟರೆ ಗಾಳಿ ಅದನ್ನು ಹಾದು ತಂಪಾಗಿ ಬರುತ್ತದೆ. ಹಗ್ಗ ಸಿಕ್ಕಿತು. ಸ್ಟೂಲು ಹತ್ತಿದೆ. ಒಂದು ಕೈಯಲ್ಲಿ ಹಗ್ಗ, ಹೆಗಲ ಮೇಲೆ ತೊಟ್ಟಿಕ್ಕುವ ಸೀರೆ, ತಲೆಯ ಮೇಲೆ ನಿಲ್ಲಿಸಿದ ಫ್ಯಾನು.

ಅದೇ ಹೊತ್ತಿಗೆ ಕೆಳಗಿನ ಮನೆಯ ಓನರಮ್ಮ ಮೇಲೆ ಬಂದರು. ಮನೆಯ ಯಜಮಾನಿ ಅವರೇ, ನನ್ನ ವಯಸ್ಸಿನವರೇ. ತಾರಸಿಯಲ್ಲಿ ಒಣಗಿಸಲು ತಟ್ಟೆಯ ತುಂಬ ಮಾವಿನ ಹೋಳು ತಂದಿದ್ದರು. ನನ್ನನ್ನು ವದಿನಾ ಎಂದು ಕರೆಯುತ್ತಿದ್ದರು, ಅತ್ತಿಗೆ ಎಂದರ್ಥ. ಮೊದಮೊದಲು ಅದು ನನಗೆ ಒದಿ ಎಂದಂತೆ ಕೇಳಿ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

"ವದಿನಾ! ಏಂ ಚೇಸ್ತುನ್ನಾರು?" ಏನು ಮಾಡುತ್ತಿದ್ದೀರಿ ಎಂದು ಬಾಗಿಲಲ್ಲೇ ನಿಂತು ಕೇಳಿದರು.

ನಾನು ನಕ್ಕು, ನನ್ನ ತೆಲುಗಿನಲ್ಲಿ ಹೇಳಿದೆ. "ಉರಿ ಕೋಸಂ ಅಂಡಿ."

ಉರಿಯ ಸಲುವಾಗಿ ಎಂದು. ಆದರೆ ತೆಲುಗಿನಲ್ಲಿ ಉರಿ ಎಂದರೆ ನೇಣು. ನಿಮಗೆ ಗೊತ್ತು, ಈಗಾಗಲೇ ಬಾಯಿ ಮುಚ್ಚಿಕೊಂಡಿರುತ್ತೀರಿ. ನನಗೆ ಗೊತ್ತಿರಲಿಲ್ಲ. ಓನರಮ್ಮ ಮಾತಾಡದೆ ನಿಂತದ್ದು ನೋಡಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೂ ಬಿಡಿಸಿ ಹೇಳಿದೆ. "ರೋಜೂ ಉರಿ ಅಂಡಿ. ಅಲವಾಟು. ಈ ರೋಜು ಚಾಲಾ ಉರಿ." ದಿನಾ ಉರಿ, ಅಭ್ಯಾಸವಾಗಿದೆ, ಇವತ್ತು ಬಹಳ ಉರಿ.

ತಟ್ಟೆ ಕೆಳಗೆ ಬಿತ್ತು. ಮಾವಿನ ಹೋಳು ಮಂಚದ ಅಡಿಗೆಲ್ಲ ಉರುಳಿದವು. ಓನರಮ್ಮ ಓಡಿಬಂದು ನನ್ನ ಎರಡೂ ಮಂಡಿಗಳನ್ನು ತಬ್ಬಿ ಹಿಡಿದು, "ವದ್ದು ವದಿನಾ, ವದ್ದು! ಮನವರಾಳ್ಳು ಉನ್ನಾರು!" ಎಂದು ಅಳತೊಡಗಿದರು. ಬೇಡ, ಮೊಮ್ಮಕ್ಕಳಿದ್ದಾರೆ ಎಂದು. ಮೊಮ್ಮಕ್ಕಳಿರುವುದಕ್ಕೂ ಒದ್ದೆ ಸೀರೆಗೂ ಏನು ಸಂಬಂಧವೋ ತಿಳಿಯಲಿಲ್ಲ. ಅವರ ಅಳು ಮಾತ್ರ ನನ್ನ ಎದೆಗೆ ನಾಟಿತು. ನಿಮ್ಮ ತಾತ ಒಳ್ಳೆಯವರೇ, ಆದರೆ ಕಾಲುರಿ ಅಂದರೆ "ಒಂದು ಚೊಂಬು ನೀರು ಹುಯ್ಕೊ" ಎಂದು ಆ ಕಡೆ ತಿರುಗಿ ಮಲಗುತ್ತಿದ್ದರು. ನನ್ನ ಅಂಗಾಲಿಗಾಗಿ ಕಣ್ಣೀರು ಹಾಕಿದವರು ಲೋಕದಲ್ಲಿ ಇವರೊಬ್ಬರೇ ಎನ್ನಿಸಿ ನನಗೂ ಅಳು ಬಂತು. ಸ್ಟೂಲಿನ ಮೇಲೆ ನಿಂತು ನಾನು, ಕೆಳಗೆ ಕೂತು ಅವರು, ಇಬ್ಬರೂ ಚೆನ್ನಾಗಿ ಅತ್ತೆವು.

ಅಳು ಮುಗಿದ ಮೇಲೆ ಅವರು ಹಗ್ಗವನ್ನು ಸೆರಗಿನಲ್ಲಿ ಸುತ್ತಿಕೊಂಡು, ಸ್ಟೂಲನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ಎಲೆಕ್ಟ್ರಿಷಿಯನ್ ಬಂದ. ಫ್ಯಾನು ಕೆಟ್ಟಿದೆ, ಬಿಚ್ಚು ಎಂದು ಓನರಮ್ಮ ಹೇಳಿದರು. ಅವನು ಸ್ವಿಚ್ಚು ಹಾಕಿ ನೋಡಿದ.

"ಬಾಗಾನೇ ತಿರುಗುತೋಂದಿ ಕದಮ್ಮಾ" ಎಂದ. ಚೆನ್ನಾಗಿಯೇ ತಿರುಗುತ್ತಿದೆಯಲ್ಲ ಎಂದು.

ಓನರಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಬಾಯಿ ಮುಚ್ಚಿ ಬಿಚ್ಚತೊಡಗಿದ. ನನ್ನ ಒಂದು ಗಂಟೆಯ ನಿದ್ದೆ ಸ್ಕ್ರೂ ಸ್ಕ್ರೂ ಆಗಿ ಕೈಗೆ ಬರುತ್ತಿತ್ತು. ನಾನು ಜೋರಾಗಿ ಮಾತಾಡುವವಳಲ್ಲ, ಆದರೂ ತಡೆಯಲಾಗಲಿಲ್ಲ. ಫ್ಯಾನಿಲ್ಲದೆ ಈ ಉರಿ ಹೇಗೆ ತಡೆದುಕೊಳ್ಳಲಿ ಎಂದು ಕೇಳಬೇಕಿತ್ತು. ತಡೆದುಕೊಳ್ಳುವುದಕ್ಕೆ ತೆಲುಗು ಸಿಗಲಿಲ್ಲ. ಸಿಕ್ಕಿದ್ದು ಇಷ್ಟು.

"ಫ್ಯಾನು ಲೇಕುಂಡಾ ಉರಿ ಎಲಾ ಅಂಡಿ?"

ಫ್ಯಾನಿಲ್ಲದೆ ನೇಣು ಹೇಗೆ ಎಂದು ನಾನು ಅಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೆ ಎಲೆಕ್ಟ್ರಿಷಿಯನ್ ಏಣಿಯ ಮೇಲೆ ಒಂದು ಕ್ಷಣ ಹಾಗೇ ನಿಂತ. ಆಮೇಲೆ ಬಲು ಬೇಗ ಬಿಚ್ಚಿದ.

ಅಲ್ಲಿಂದ ಮುಂದೆ ನನ್ನನ್ನು ಒಬ್ಬಳೇ ಇರಲು ಬಿಡಲಿಲ್ಲ. ನಿಮ್ಮ ಅಮ್ಮ ಆಸ್ಪತ್ರೆಗೆ ಹೋದ ಕೂಡಲೇ ಓನರಮ್ಮ ಬರುತ್ತಿದ್ದರು. ಅವರಿಗೆ ಅಡುಗೆ ಕೆಲಸವಿದ್ದರೆ ಎದುರು ಮನೆಯಾಕೆ. ಆಕೆ ಎದ್ದರೆ ಅವರ ನಾದಿನಿ. ತಾರಸಿಯ ಬಟ್ಟೆ ಒಣಗಿಸುವ ಹಗ್ಗ ಮಾಯವಾಯಿತು. ಈಳಿಗೆಮಣೆ ಮಾಯವಾಯಿತು, ತರಕಾರಿ ಅವರೇ ಹೆಚ್ಚಿ ತರುತ್ತಿದ್ದರು. ನನ್ನ ಮಾತ್ರೆಯ ಪಟ್ಟಿಯನ್ನು ಓನರಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊತ್ತಿಗೆ ಸರಿಯಾಗಿ ಒಂದೊಂದೇ ಕೊಟ್ಟು, ನುಂಗಿದೆನೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಿದ್ದರು. ಇದು ಆಂಧ್ರದವರ ಉಪಚಾರ ಎಂದು ನಾನು ತಿಳಿದೆ. ಇಷ್ಟೊಂದು ಉಪಚಾರ ಮಾಡುವವರು ಒಂದು ಫ್ಯಾನು ಯಾಕೆ ಹಾಕಿಸುವುದಿಲ್ಲ ಎನ್ನುವುದೊಂದೇ ಬಿಡಿಸಲಾಗದ ಒಗಟು.

ಫ್ಯಾನಿನ ಬದಲು ಬೀಸಣಿಗೆ ತಂದರು, ತಾಳೆಗರಿಯದು. ಸರದಿಯಲ್ಲಿ ಕೂತು ನನಗೆ ಬೀಸುತ್ತಿದ್ದರು. ಮುಖಕ್ಕೆ. ಉರಿ ಇದ್ದದ್ದು ಅಂಗಾಲಿನಲ್ಲಿ. ಸ್ವಲ್ಪ ಕಾಲಿಗೆ ಬೀಸಿ ಎಂದು ಹಿರಿಯ ಮುತ್ತೈದೆಯರಿಗೆ ಹೇಗೆ ಹೇಳುವುದು? ಮುಖ ತಣ್ಣಗೆ, ಕಾಲು ಕೆಂಡ. ಕಣ್ಣು ಮುಚ್ಚಿದರೆ ಗಾಬರಿಯಾಗಿ ಅಲುಗಾಡಿಸಿ ಎಬ್ಬಿಸುತ್ತಿದ್ದರು.

ಸಂಜೆ ನಿಮ್ಮ ಅಮ್ಮ ಬಂದು ರೇಗಿದಳು. "ಅವ್ವಾ, ಓನರಮ್ಮನ ಹತ್ರ ನನ್ನ ಮೇಲೆ ಏನು ಹೇಳಿದೀಯ? ಗೇಟಲ್ಲಿ ನನ್ನ ನೋಡಿ, ಹೆತ್ತ ತಾಯಿನ ಚೆನ್ನಾಗಿ ನೋಡ್ಕೋಬೇಕಮ್ಮ ಅಂತಾರೆ."

"ನಾನೇನೂ ಹೇಳಿಲ್ಲ ಕಣೆ. ಉರಿ ಅಂದೆ, ಅಷ್ಟೇ."

"ಅಷ್ಟಕ್ಕೇನಾ? ನಾಳೆ ಒಂದು ಟೇಬಲ್ ಫ್ಯಾನ್ ತರ್ತೀನಿ ಅಂದ್ರೆ ಅದೂ ಬೇಡವಂತೆ. ವೈರು ಒಳ್ಳೇದಲ್ಲ ಅಂತಾರೆ. ಯಾವ ವೈರು? ನಿಮ್ಮ ಫ್ಯಾನು ಸುಟ್ಟೋಗಿದೆ, ರಿಪೇರಿಗೆ ಕೊಟ್ಟಿದೀನಿ, ಬರುತ್ತೆ ತಡೀರಿ ಅಂತ ಒಂದೇ ಮಾತು."

ನಿಮ್ಮ ಅಮ್ಮನ ತೆಲುಗು ಆಸ್ಪತ್ರೆಯ ತೆಲುಗು. ಜ್ವರ, ಕೆಮ್ಮು, ಇಂಜೆಕ್ಷನ್ನಿಗೆಲ್ಲ ಅವಳ ಹತ್ತಿರ ಮಾತಿತ್ತು. ನೇಣಿಗೆ ಇರಲಿಲ್ಲ. ರಾತ್ರಿ ಎಲ್ಲರೂ ತಾರಸಿಯ ಮೇಲೆ ಮಲಗುತ್ತಿದ್ದರಿಂದ ಅವಳಿಗೆ ಫ್ಯಾನಿನ ಗರಜೂ ಇರಲಿಲ್ಲ. ಗರಜು ಇದ್ದದ್ದು ನನ್ನ ಮಧ್ಯಾಹ್ನಕ್ಕೆ.

ಒಂದು ಬೆಳಿಗ್ಗೆ ಓನರಮ್ಮ ನನ್ನನ್ನು ಇಂದ್ರಕೀಲಾದ್ರಿ ಬೆಟ್ಟಕ್ಕೆ ಕರೆದುಕೊಂಡು ಹೋದರು, ದುರ್ಗಮ್ಮನ ದರ್ಶನಕ್ಕೆ. ಬೇಗ ಹೋಗಿದ್ದರೂ ಚಪ್ಪಲಿ ಬಿಟ್ಟು ಇಳಿದ ಕಡೆ ಕಲ್ಲು ಆಗಲೇ ಕಾದಿತ್ತು. ಅಂಗಾಲುರಿಯವಳು ಬರಿಗಾಲಲ್ಲಿ ಆ ಕಲ್ಲಿನ ಮೇಲೆ ಹೇಗೆ ನಡೆದಿರಬಹುದು ಎಂದು ನೀವೇ ನೋಡಿಕೊಳ್ಳಿ. ನಡೆಯಲಿಲ್ಲ, ಹಾರಿದೆ. ನೀರು ಚಿಮುಕಿಸಿದ ಒಂದು ಚಾಪೆಯಿಂದ ಇನ್ನೊಂದು ಚಾಪೆಗೆ. ಓನರಮ್ಮನ ಮುಖ ಅರಳಿತು. ವದಿನೆಗೆ ಅಮ್ಮವಾರಿನ ಸನ್ನಿಧಿಯಲ್ಲೇ ಹುಮ್ಮಸ್ಸು ಬಂದುಬಿಟ್ಟಿತು ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿದರು. ದೇವಿಯ ಎದುರು ಅವರು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಪರವಾಗಿ ಏನೇನೋ ಬೇಡಿದರು. ಈ ಹೆಂಗಸಿಗೆ ಬದುಕುವ ಆಸೆ ಕೊಡು, ಫ್ಯಾನಿನ ಕಡೆ ಮನಸ್ಸು ಹೋಗದ ಹಾಗೆ ಮಾಡು ಎಂದು ಬೇಡಿದ್ದಂತೆ. ಪಕ್ಕದಲ್ಲೇ ನಿಂತು ನಾನೂ ಕೈ ಮುಗಿದು, ತಾಯೀ, ಫ್ಯಾನು ವಾಪಸು ಕೊಡಿಸು ಎಂದು ಬೇಡಿದೆ. ಆಕೆ ಯಾರ ಮಾತು ಕೇಳಬೇಕಿತ್ತು?

ಮಾರನೆಯ ಮಧ್ಯಾಹ್ನ ಓನರಮ್ಮನ ಭಾವ ಬಂದರು. ರಿಟೈರಾದ ಮೇಷ್ಟ್ರು, ಬಿಳಿ ಪಂಚೆ, ಗಂಟಲು ದೊಡ್ಡದು. ನನಗೆ ಬುದ್ಧಿ ಹೇಳಲು ಕರೆಸಿದ್ದರು. ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು ಕೂತರು, ಹೆಂಗಸರು ನೆಲದಲ್ಲಿ ಸುತ್ತ ಕೂತರು. ನಾನು ಮಧ್ಯದಲ್ಲಿ, ಕಾಲನ್ನು ಸೀರೆಯೊಳಗೆ ಮಡಚಿಕೊಂಡು. ಅಂದಿನ ಸೆಕೆಗೆ ಗೋಡೆ ಮುಟ್ಟಿದರೂ ಕೈ ಸುಡುತ್ತಿತ್ತು. ಅಷ್ಟು ಜನ ಸೇರಿ ಕೋಣೆ ಇಡ್ಲಿಪಾತ್ರೆಯಾಗಿತ್ತು. ಮೇಷ್ಟ್ರು ಬದುಕಿನ ಬಗ್ಗೆ ಬಹಳ ಹೊತ್ತು ಹೇಳಿದರು. ಸೀರೆಯೊಳಗೆ ನನ್ನ ಎರಡೂ ಅಂಗಾಲು ಕಾದ ಹೆಂಚಿಗೆ ಒತ್ತಿ ಹಿಡಿದ ಹಾಗೆ ಸುಡುತ್ತಿದ್ದವು. ನಾನು ಹೂಂ ಅಂಡಿ, ಹೂಂ ಅಂಡಿ ಎನ್ನುತ್ತಿದ್ದೆ.

ಕೊನೆಗೆ ಅವರು ಮೆಲ್ಲಗೆ, "ಮೀಕೇಂ ಕಷ್ಟಮಮ್ಮಾ?" ಎಂದರು.

ನಿಮಗೇನಮ್ಮ ಕಷ್ಟ ಎಂದು. ಕಷ್ಟ ಎನ್ನುವ ಮಾತು ನನಗೆ ತಿಳಿಯಿತು. ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ತಲೆ ಎತ್ತಿ ಹೇಳಿದೆ. "ಉರಿ ಅಂಡಿ."

"ಉರಿ ಪಾಪಮಮ್ಮಾ!" ಎಂದು ಮೇಷ್ಟ್ರು ತೊಡೆ ತಟ್ಟಿಕೊಂಡರು. ನೇಣು ಪಾಪದ ಕೆಲಸ ಎಂದು ಅವರು ಹೇಳಿದ್ದು. ಅಯ್ಯೋ ಪಾಪ ಎಂದು ಮರುಗಿದರೆಂದು ನಾನು ತಿಳಿದೆ.

"ಔನಂಡಿ, ಪಾಪಂ" ಎಂದು ನಾನೂ ಒಪ್ಪಿದೆ. "ಫ್ಯಾನು ಕಾವಾಲಿ."

ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಓನರಮ್ಮ ನನ್ನ ಮುಖಕ್ಕೆ ಇನ್ನೂ ಜೋರಾಗಿ ಬೀಸತೊಡಗಿದರು. ಮುಖಕ್ಕೆ! ಆಗ ನನ್ನೊಳಗೆ ಏನೋ ಕಿತ್ತುಹೋಯಿತು. ಈ ಜನಕ್ಕೆ ಉರಿ ಎಂದರೆ ಏನೆಂದೇ ತಿಳಿಯುತ್ತಿಲ್ಲ, ಕಣ್ಣಿಗೆ ತೋರಿಸದೆ ಗತಿಯಿಲ್ಲ ಎನ್ನಿಸಿತು. ಎದ್ದೆ. ಸೀದಾ ಅಡುಗೆಮನೆಗೆ ಹೋಗಿ ಗ್ಯಾಸಿನ ಒಲೆ ಹಚ್ಚಿದೆ. ದೊಡ್ಡ ಉರಿ ಮಾಡಿ, ಅದರ ಕಡೆ ಬೆರಳು ತೋರಿಸಿ, "ಉರಿ! ಇದೇ ಉರಿ!" ಎಂದೆ.

ನೇಣು ಆಗದಿದ್ದಕ್ಕೆ ಒಲೆಗೆ ಹೋದಳು ಎಂದು ತಿಳಿದರು. "ಮಂಟ! ಮಂಟ!" ಎಂದು ಕೂಗಿಕೊಂಡು ಅಷ್ಟೂ ಹೆಂಗಸರು ಅಡುಗೆಮನೆಗೆ ನುಗ್ಗಿದರು. ಎದುರು ಮನೆಯಾಕೆ ನನ್ನ ಸೆರಗು ಹಿಡಿದು ಎಳೆದರು, ಓನರಮ್ಮ ಸಿಲಿಂಡರ್ ಬಂದ್ ಮಾಡಿದರು, ನಾದಿನಿ ಕೊಡದ ನೀರನ್ನು ಒಲೆಯ ಮೇಲೆ ಸುರಿದರು, ಅದು ನನ್ನ ಮೇಲೂ ಬಿತ್ತು. ಆ ನೀರು ಕಾಲಿಗಿಳಿದದ್ದು ಎಷ್ಟು ಹಿತವಾಗಿತ್ತು ಎಂದರೆ ಒಂದು ಕ್ಷಣ ಎಲ್ಲವನ್ನೂ ಮರೆತೆ.

ಆ ಕ್ಷಣದಲ್ಲೇ ಮಾತು ಕಿವಿಗೆ ಬಿತ್ತು. ಒಲೆಯ ಉರಿಯನ್ನು ನೋಡಿ ಇವರು ಮಂಟ ಎನ್ನುತ್ತಿದ್ದಾರೆ. ನಮಗೆ ಒಲೆಯಲ್ಲಿರುವುದೂ ಉರಿ, ಕಾಲಿನಲ್ಲಿರುವುದೂ ಉರಿ. ಇವರಿಗೂ ಹಾಗೇ ಎರಡಕ್ಕೂ ಒಂದೇ ಮಾತಿದ್ದರೆ?

ಎಲ್ಲರನ್ನೂ ಸರಿಸಿಕೊಂಡು ಕೋಣೆಗೆ ಬಂದೆ. ಮೇಷ್ಟ್ರು ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದಿದ್ದರು. ನಾನು ಆ ಕುರ್ಚಿಯಲ್ಲಿ ಕೂತು, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದೆ. ಎರಡೂ ಕಾಲನ್ನು ಎತ್ತಿ, ಅಂಗಾಲನ್ನು ಅಷ್ಟು ಜನ ಹಿರಿಯರ ಮುಖಕ್ಕೆ ನೇರ ಹಿಡಿದೆ.

"ಮಂಟ! ಇಕ್ಕಡ ಮಂಟ ಅಂಡಿ! ಉರಿ ಅಂಟೇ ಮಂಟ!"

ಇಲ್ಲಿ ಮಂಟ, ಉರಿ ಎಂದರೆ ಮಂಟ ಎಂದು. ಓನರಮ್ಮ ಮೆಲ್ಲಗೆ ಬಂದು ಕೂತು ನನ್ನ ಒಂದು ಅಂಗಾಲಿನ ಮೇಲೆ ಕೈಯಿಟ್ಟರು.

"ಅರಿಕಾಳ್ಳ ಮಂಟಲಾ ವದಿನಾ?" ಅಂಗಾಲುರಿಯಾ ಎಂದು. "ಮರಿ ಉರಿ?"

ಹಾಗಾದರೆ ಉರಿ ಎಂದದ್ದು ಏನು ಎಂದು ಅವರು ಕೇಳುತ್ತಿದ್ದಾರೆ. ನಾನು ಬಾಯಿ ಬಿಡುವ ಮೊದಲೇ ಮೇಷ್ಟ್ರು ತಮ್ಮ ಹೆಗಲ ಮೇಲಿನ ವಲ್ಲಿಯನ್ನು ಕೊರಳಿಗೆ ಸುತ್ತಿ, ಮೇಲಕ್ಕೆ ಎಳೆದು, ನಾಲಿಗೆ ಹೊರಚಾಚಿ, ಬೆರಳಿನಿಂದ ಫ್ಯಾನಿನ ಖಾಲಿ ಕೊಕ್ಕೆಯನ್ನು ತೋರಿಸಿದರು. ನಲವತ್ತು ಮಕ್ಕಳಿಗೆ ಪಾಠ ಮಾಡಿ ಅಭ್ಯಾಸವಿದ್ದವರು. ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಹಗ್ಗ, ಸ್ಟೂಲು, ಈಳಿಗೆಮಣೆ, ಮಾತ್ರೆ, ಬೆಟ್ಟ, ಎಲೆಕ್ಟ್ರಿಷಿಯನ್ನನ ಮುಖ ಎಲ್ಲವೂ ಕಣ್ಣ ಮುಂದೆ ಸಾಲಾಗಿ ಬಂದವು. ನೆಲ ಬಾಯಿಬಿಟ್ಟರೆ ಒಳಗೆ ಹೋಗಬೇಕು ಎನ್ನಿಸಬೇಕಿತ್ತು. ಅದರ ಬದಲು ನಗು ಬಂತು. ಸೆರಗು ಬಾಯಿಗೆ ತುರುಕಿದರೂ ನಿಲ್ಲದ ನಗು. ಓನರಮ್ಮ ನನ್ನ ಬೆನ್ನಿಗೆ ರಪ್ಪನೆ ಒಂದು ಗುದ್ದಿ, "ನನ್ನು ಚಂಪೇಶಾರು ಕದಾ ವದಿನಾ!" ಎಂದರು. ನನ್ನನ್ನು ಕೊಂದೇಬಿಟ್ಟಿರಲ್ಲ ಎಂದು. ನಾನು ಸಾಯದಂತೆ ಅಷ್ಟು ದಿನ ಕಾದವರು ಅವರು. ಆಮೇಲೆ ಎಲ್ಲರೂ ನಕ್ಕರು. ಮೇಷ್ಟ್ರಿಗೆ ಮಾತ್ರ ಭಾಷಣ ದಂಡವಾದದ್ದಕ್ಕೆ ಸ್ವಲ್ಪ ಬೇಸರ.

ಅಂದೇ ಎಲೆಕ್ಟ್ರಿಷಿಯನ್ ಮತ್ತೆ ಬಂದ. ಕೆಟ್ಟ ಫ್ಯಾನು ಸರಿಯಾಯಿತೇ ಎಂದು ಅವನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಏಣಿಯ ಮೇಲಿಂದ ನನ್ನನ್ನು ಆಗಾಗ ಓರೆಗಣ್ಣಿನಲ್ಲಿ ನೋಡುತ್ತಲೇ ತಗುಲಿಸಿ ಓಡಿಹೋದ.

ಹೆಂಗಸರು ಹೋಗಲಿಲ್ಲ. ಅಂಗಾಲುರಿ ಅವರಲ್ಲಿ ಎಷ್ಟೋ ಜನಕ್ಕೆ ಇತ್ತು! ಎದುರು ಮನೆಯಾಕೆ ತಮ್ಮದನ್ನು ತೋರಿಸಿದರು, ಅವರ ನಾದಿನಿ ತಮ್ಮದನ್ನು. ನಾಚಿಕೆ ಬಿಟ್ಟು ಅಂಗಾಲು ಅಂಗಾಲು ನೋಡಿಕೊಂಡೆವು. ಒಬ್ಬರು ಲೋಳೆಸರ ಎಂದರು, ಇನ್ನೊಬ್ಬರು ಹರಳೆಣ್ಣೆ. ಓನರಮ್ಮ ಹಿತ್ತಿಲಿನ ಗೋರಂಟಿ ಸೊಪ್ಪು ಕಿತ್ತು, ರುಬ್ಬಿ ತಂದರು. ತಂಪು, ಅಂಗಾಲಿಗೆ ಮೆತ್ತುತ್ತೇನೆ ಎಂದರು. ನಾನು ಕಾಲು ಎಳೆದುಕೊಂಡೆ. ನಿಮ್ಮ ತಾತ ಹೋದ ಮೇಲೆ ನಾನು ಗೋರಂಟಿ ಮುಟ್ಟಿರಲಿಲ್ಲ. ನಮ್ಮ ಕಡೆ ಅದು ಮುತ್ತೈದೆಯರದು. ಹಣೆ ಮುಟ್ಟಿ, ತಲೆ ಅಲ್ಲಾಡಿಸಿ ತೋರಿಸಿದೆ. ಅವರಿಗೆ ತಿಳಿಯಿತು. ನನ್ನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, "ಇದಿ ಮಂದು ವದಿನಾ" ಎಂದರು. ಮದ್ದು. ಈ ಮಾತಿಗೆ ಯಾವ ತೊಡಕೂ ಇರಲಿಲ್ಲ.

ಸಂಜೆ ನಿಮ್ಮ ಅಮ್ಮ ಬಂದಾಗ ನಾನು ಫ್ಯಾನಿನ ಅಡಿಯಲ್ಲಿ ಎರಡೂ ಕಾಲನ್ನು ಬಾಗಿಲ ಕಡೆಗೆ ನೀಡಿ ಮಲಗಿದ್ದೆ. ಅಂಗಾಲು ಎರಡೂ ಕೆಂಪಗೆ. ಅವಳು ಹೊಸಿಲಲ್ಲೇ ನಿಂತುಬಿಟ್ಟಳು.

"ಅವ್ವಾ... ಗೋರಂಟಿನಾ?"

"ಮದ್ದು ಕಣೆ" ಎಂದು, ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಅವಳು ಕೈಚೀಲ ಕೆಳಗಿಡುವುದನ್ನೂ ಮರೆತು ನಕ್ಕಳು, ಎಂಡದ ದಿನಕ್ಕಿಂತ ಜೋರಾಗಿ ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಬೇರೆಯಾಯಿತು. ಬಂದು ನನ್ನ ಕಾಲ ಹತ್ತಿರ ಕೂತಳು.

"ನಿಜ ಹೇಳವ್ವಾ. ಸ್ಟೂಲ್ ಹತ್ತಿ ಹಗ್ಗ ಕಟ್ಟೋವಷ್ಟು ಉರಿಯುತ್ತಾ?"

ಇಲ್ಲ ಬಿಡು ಎನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೀದಿಯವರಿಗೆಲ್ಲ ಅಂಗಾಲು ತೋರಿಸಿ ಆದ ಮೇಲೆ ಮಗಳ ಹತ್ತಿರ ಮುಚ್ಚಿಡುವುದು ಏನು ಉಳಿದಿತ್ತು?

"ಉರಿಯುತ್ತೆ ಮಗಾ. ಬಾಳ ಉರಿಯುತ್ತೆ. ದಿನಾ ಉರಿಯುತ್ತೆ" ಎಂದೆ. "ಫ್ಯಾನು ಇನ್ನೊಂದು ಚೂರು ಜೋರು ಮಾಡು."

ಅವಳು ಎದ್ದು ಸ್ವಿಚ್ಚಿನ ಹತ್ತಿರ ಹೋಗಿ ನೋಡಿ, "ಐದರಲ್ಲೇ ಇದೆ ಕಣವ್ವಾ" ಎಂದಳು. ಮತ್ತೆ ಬಂದು ಅಲ್ಲೇ ಕೂತು, ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಬಿಳಿಯ ಯೂನಿಫಾರಮ್ಮಿಗೆ ಗೋರಂಟಿ ಹತ್ತಿತು.